ಹಿಂದಿನಿಂದ ಬಂದ ನೀರು

ಮಧ್ಯಾಹ್ನ ಎರಡೂ ನಲವತ್ತು. ಕಲಬುರಗಿಯ ಗಾಜಿಪುರದ ನಮ್ಮ ಮನೆಯ ಗಡಿಯಾರದ ಮುಳ್ಳು ಈಗಲೂ ಅಲ್ಲಿಗೆ ಬಂದರೆ ನನ್ನ ಕಣ್ಣು ತಾನಾಗಿ ಕಾಲ ಕೆಳಗಿನ ಫರಸಿ ನೆಲದತ್ತ ಹೋಗುತ್ತದೆ, ಒಣಗಿದೆಯೋ ಇಲ್ಲವೋ ಎಂದು. ಒಣಗಿಯೇ ಇರುತ್ತದೆ. ಆದರೂ ಅಂಗಾಲಿನಿಂದ ಒಮ್ಮೆ ಸವರಿ ನೋಡುತ್ತೇನೆ. ನಗಬೇಡಿ. ಇಂಗ್ಲೆಂಡಿನಿಂದ ನಾನು ತಂದು ಉಳಿಸಿಕೊಂಡದ್ದು ಇದೊಂದೇ.

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ, ನನ್ನಂತೆ ನಮ್ಮ ಕಾಲೇಜಿನಲ್ಲೇ ಪಾಠ ಹೇಳುತ್ತಿದ್ದ ನೂರ್ ಆಪಾ ಅವರೂ ತರಬೇತಿಗೆಂದು ಅಲ್ಲಿನ ಒಂದು ಸಣ್ಣ ಊರಿಗೆ ಹೋಗಿದ್ದೆವು. ಹಳೆಯ ದೊಡ್ಡ ಚರ್ಚು ಇದ್ದುದರಿಂದ ಅಲ್ಲಿನವರು ಅದನ್ನು ನಗರ ಎನ್ನುತ್ತಿದ್ದರು. ಕಲಬುರಗಿ ಬಜಾರಿನ ಒಂದು ಸಂಜೆಯ ಜನ ಸಾಕಿತ್ತು ಅದನ್ನು ತುಂಬಿಸಲು. ಊರ ಸುತ್ತ ಕಲ್ಲಿನ ಗೋಡೆ, ಗೋಡೆಯಾಚೆ ಕುರಿ ಮೇಯುವ ಹಸಿರು ಬಯಲು, ಬಸ್ಸಿನಲ್ಲಿ ಅರ್ಧ ತಾಸು ಹೋದರೆ ಸಮುದ್ರ.

ನನಗೆ ಮೊದಲ ದಿನದಿಂದಲೇ ಅನುಮಾನ. ಹಾಡಹಗಲೇ ರಸ್ತೆ ಖಾಲಿ. ನಮ್ಮಲ್ಲಿ ರಸ್ತೆ ಹಾಗೆ ಖಾಲಿಯಾದರೆ ಎಲ್ಲೋ ಏನೋ ಆಗಿದೆ ಎಂದು ಶಟರ್ ಎಳೆದು ಮಕ್ಕಳನ್ನು ಒಳಗೆ ಕರೆಯುತ್ತೇವೆ. ಹಾಲಿನ ಬಾಟಲಿ ಹೊಸ್ತಿಲಲ್ಲೇ ನಿಂತಿರುತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ, ಏನು ಬೆರೆಸಿದ್ದಾರೋ. ಇನ್ನು ಆ ಗೋಡೆ. ನಮ್ಮ ಕೋಟೆಯ ಮೇಲೆ ಆಡು ಹತ್ತುತ್ತವೆ, ಒಳಗೆ ಜನ ಸಂಸಾರ ಹೂಡಿದ್ದಾರೆ. ಅಲ್ಲಿನದಕ್ಕೆ ಯಾರೋ ದಿನಾ ಎರೆದು ತಲೆ ಬಾಚಿದಂತಿತ್ತು. ಅಷ್ಟು ಚೊಕ್ಕಟವಾದ ಹಳತನ್ನು ನಂಬುವುದು ಹೇಗೆ?

"ಮನಿ ಮಾಲಕಿ ನಕ್ಕರೂ ನೀ ಹಲ್ಲು ಎಣಸ್ತಿ," ಎನ್ನುತ್ತಿದ್ದರು ಆಪಾ. "ನಿನ್ನ ಪೊಲೀಸ್ ಖಾತೇಕ್ಕ ತೊಗೋಬೇಕಿತ್ತು, ತಂಗಿ."

ಒಂದು ರವಿವಾರ ಸಮುದ್ರ ನೋಡಲು ಹೋದೆವು. ಹೋದರೆ ಸಮುದ್ರವೇ ಇಲ್ಲ. ಕಣ್ಣು ಹಾಯುವಷ್ಟು ದೂರ ಒದ್ದೆ ಮರಳು, ಅದರ ಕೊನೆಗೊಂದು ಬಿಳಿ ಗೆರೆ. ನಮ್ಮಿಬ್ಬರಿಗೂ ಗೊತ್ತಿದ್ದ ದೊಡ್ಡ ನೀರೆಂದರೆ ಭೀಮಾ ಹೊಳೆ. ಬೇಸಿಗೆಯಲ್ಲಿ ಅದು ಹಿಂದೆ ಸರಿದರೆ ಮಳೆಗಾಲದ ತನಕ ತಿರುಗಿ ನೋಡುವುದಿಲ್ಲ. ದಂಡೆಯಲ್ಲಿ ಉಬ್ಬರದ ನೀರಿನ ಎಚ್ಚರಿಕೆಯ ಬೋರ್ಡೊಂದಿತ್ತು. ಆಪಾ ಅದನ್ನು ಪೂರ್ತಿ ಓದಿ, "ನೀರೇ ಇಲ್ಲ, ಬೋರ್ಡ್ ಯಾರಿಗಿ?" ಎಂದು ಬೂಟು ಕಳಚಿ ಕೈಯಲ್ಲಿ ಹಿಡಿದರು.

"ನಾ ಒಲ್ಲೆ ಆಪಾ. ಇಷ್ಟ್ ನೀರು ಎಲ್ಲಿ ಹೋಗ್ಯದ ಅಂತ ತಿಳೀಲಾರದೆ ನಾ ಕಾಲಿಡಂಗಿಲ್ಲ."

"ಎಲ್ಲಿ ಹೋಗ್ತದ? ಬೊಂಬಾಯಿಗಿ ಹೋಗ್ಯದ," ಎಂದು ಸಲವಾರ ಮೇಲೆತ್ತಿಕೊಂಡು ಹೊರಟೇಬಿಟ್ಟರು.

ನಾನು ಕಲ್ಲಿನ ಮೇಲೆ ಕೂತೆ. ಮರಳುವ ಬಸ್ಸಿಗೆ ಎಷ್ಟು ಹೊತ್ತಿದೆ ಎಂದು ವಾಚು ನೋಡಿದ್ದು ಆಗಲೇ, ಎರಡೂ ನಲವತ್ತಕ್ಕೆ. ಆಪಾ ಬೆರಳಿನಷ್ಟಾಗಿದ್ದರು. ಬಿಳಿ ಗೆರೆ ಇದ್ದಲ್ಲೇ ಇತ್ತು. ಆದರೆ ಅವರಿಗೂ ನನಗೂ ನಡುವಿನ ತಗ್ಗೊಂದು ಹೊಳೆಯುತ್ತಿತ್ತು. ಆಗಷ್ಟೇ ಅವರು ದಾಟಿಹೋದ ತಗ್ಗು.

ನಾನು ಕಮಲಾಪುರದ ಬಾಳೆ ತೋಟದಲ್ಲಿ ಬೆಳೆದವಳು. ತೋಟಕ್ಕೆ ಬಿಟ್ಟ ನೀರು ನಾವು ನೋಡುತ್ತ ನಿಂತ ಕಡೆಯಿಂದ ಬರುವುದಿಲ್ಲ. ಕಾಲುವೆ ಹಿಡಿದು ಸುತ್ತಿ ಬಂದು ಮೊದಲು ಹಿಮ್ಮಡಿ ನೆನೆಸುತ್ತದೆ. ನನ್ನ ಕಣ್ಣೆದುರೇ ಆ ತಗ್ಗು ಪಟ್ಟಿಯಾಯಿತು, ಪಟ್ಟಿ ಕಾಲುವೆಯಾಯಿತು, ಸದ್ದೇ ಇಲ್ಲ.

"ಆಪಾ, ನೀರು ಬಿಟ್ಟಾರ! ಬರ್ರಿ!"

ಯಾರು ಬಿಟ್ಟರೋ, ಬಾಯಿಗೆ ಬಂದದ್ದು ತೋಟದ ಕೂಗು. ಅವರು ಕೈ ಬೀಸಿ ನಕ್ಕರು. ಮತ್ತೆ ಮತ್ತೆ ಕೂಗಿದ ಮೇಲೆ ಹಿಂತಿರುಗಿ ನೋಡಿ ಓಡಿಬಂದರು. ಕಾಲುವೆ ಅಷ್ಟರಲ್ಲಿ ಸೊಂಟದವರೆಗೆ ತುಂಬಿತ್ತು. ಇಳಿದರು, ನಡುವೆ ಬಂದು ನಿಂತುಬಿಟ್ಟರು. ಮರಳು ಕಾಲು ಹಿಡಿದಿತ್ತು. ನನಗೆ ಈಸು ಬಾರದು. ಕಾಲುವೆಯತ್ತ ಓಡಿ, ಮೊಣಕಾಲಿನವರೆಗೆ ಇಳಿದು ಕೈಯಲ್ಲಿದ್ದ ಕೊಡೆ ಚಾಚಿದೆ. ಅದರ ಬಾಗಿದ ಹಿಡಿಯನ್ನು ಅವರು ಹಿಡಿಯುವ ಮೊದಲಿನ ಆ ಒಂದು ಗಳಿಗೆ, ಅದು ನನ್ನಲ್ಲಿ ಇನ್ನೂ ಮುಗಿದಿಲ್ಲ.

ಬರಿಗಾಲಲ್ಲೇ ಬಸ್ಸು ಹತ್ತಿದ ಆಪಾ ದಾರಿಯಲ್ಲಿ ಆಡಿದ್ದು ಒಂದೇ ಮಾತು: "ಬೂಟು ಹೊಸಾವಿದ್ದು." ಅಂದಿನಿಂದ ರಾತ್ರಿಯೆಲ್ಲ ನಮ್ಮ ಕೋಣೆಯಲ್ಲಿ ಅವರು ಗೊರಕೆ ಹೊಡೆಯುತ್ತಿದ್ದರು, ನಾನು ನೆಲ ತಡವುತ್ತಿದ್ದೆ. ಕಲಬುರಗಿಗೆ ಬಂದ ಮೇಲೂ ಅಷ್ಟೇ. ಪಕ್ಕದ ಮನೆಯ ನಳ ಸೋರಿದರೆ ನಾನು ಎದ್ದು ಕೂರುತ್ತಿದ್ದೆ.

ತಿಂಗಳುಗಳ ನಂತರ ಆಪಾ ತಾವಾಗಿಯೇ, "ಹಿಂದಿಂದ ನೀರು ಬರ್ತದ ಅಂದಿದ್ದಿ, ಆ ನಿಮ್ಮ ತೋಟಕ್ಕ ಕರ್ಕೊಂಡು ಹೋಗು," ಎಂದರು. "ನನಗ ನಿದ್ದಿ ಬರವಲ್ದು."

"ಅಲ್ಲಿ ಗೊರಕಿ ಹೊಡೀತಿದ್ರಲ್ರೀ?"

"ಸುಳ್ಳು ಗೊರಕಿ. ನಾನೂ ಎಚ್ಚರ ಅದೀನಿ ಅಂದ್ರ ನೀ ಅಳಾಕಿದ್ದಿ."

ಹಾಲನ್ನು ನಂಬದ, ಗೋಡೆಯನ್ನು ನಂಬದ ನಾನು ಆ ಗೊರಕೆಯನ್ನು ನಂಬಿದ್ದೆ.

ಕಮಲಾಪುರದಲ್ಲಿ ಬಾಳೆಯ ಸಾಲಿನ ನಡುವೆ ಇಬ್ಬರೂ ಕಾಲುವೆಗೆ ಬೆನ್ನು ಮಾಡಿ ನಿಂತೆವು. ಆಪಾ ನನ್ನ ಮಣಿಕಟ್ಟು ಹಿಡಿದಿದ್ದರು, ಬಳೆ ಒತ್ತುವಷ್ಟು. ಪಂಪಿನ ಹತ್ತಿರದಿಂದ ಅಣ್ಣ ಕೇಳಿದ, "ಬಿಡ್ಲೇನು?"

"ಬಿಡಪ್ಪಾ," ಎಂದರು ಆಪಾ.

ಹಿಮ್ಮಡಿ ತಣ್ಣಗಾಯಿತು. ಇಬ್ಬರೂ ಕದಲಲಿಲ್ಲ. ನೀರು ಪಾದ ಮುಳುಗಿಸಿ ಕಾಲ ಹರಡಿನ ತನಕ ಏರಿ, ಅಲ್ಲಿಗೆ ನಿಂತು, ತನ್ನ ಪಾಡಿಗೆ ಮುಂದಿನ ಗಿಡಕ್ಕೆ ಹೋಯಿತು.

ಮರುದಿನ ಬಿಸಿಲೇರಿದ ಮೇಲೆ ಅಣ್ಣ ಚಹಾ ತಂದು ಎಬ್ಬಿಸಿದ. ಆಪಾ ಗೊರಕೆ ಹೊಡೆಯುವುದು ನಿಜವಂತೆ, ಹೊರಗಿನ ಕಟ್ಟೆಯವರೆಗೂ ಕೇಳಿಸಿತಂತೆ. ನನಗೆ ಗೊತ್ತಿಲ್ಲ. ನಾನು ನಿದ್ದೆ ಹೋಗಿದ್ದೆ.