ಜನರಲ್ ಧರ್ಮಪ್ಪ ಮತ್ತು ಹುಲಿಯಪ್ಪನ ಹೆಸರಿನ ಟಗರು

ಆನವಟ್ಟಿಯಲ್ಲಿ ಧರ್ಮಪ್ಪನನ್ನು ನಾವೆಲ್ಲ ಕರೆಯುವುದು ಜನರಲ್ ಎಂದೇ. ಸೈನ್ಯದಲ್ಲಿ ಅವನು ಹವಾಲ್ದಾರನಿಂದ ಮೇಲೆ ಹೋದವನಲ್ಲ. ಆದರೆ ಚಾ ಅಂಗಡಿಯ ಬೆಂಚಿನ ಮೇಲೆ ಅವನು ಕೂರುವ ಗತ್ತು ನೋಡಿದರೆ ಅದಕ್ಕಿಂತ ಸಣ್ಣ ಪದವಿ ಕೊಡಲು ಯಾರಿಗೂ ಮನಸ್ಸಾಗುವುದಿಲ್ಲ. ಮಾತಿಗೆ ಎಳೆದರೆ ಕಾಶ್ಮೀರದ ಹಿಮ, ಪಂಜಾಬಿನ ಲಸ್ಸಿ ಎಲ್ಲ ಬರುತ್ತವೆ. ಶ್ರೀಲಂಕಾ ಮಾತ್ರ ಬರುವುದಿಲ್ಲ.

ಅವನದು ಕುರಿ ಸಾಕುವ ಮನೆ. ಕುರಿಗಳ ಹಿಂದೆ ಓಡಿ ಗಟ್ಟಿಯಾದ ಕಾಲು ಶಿವಮೊಗ್ಗದ ಸೇನಾ ಭರ್ತಿಯಲ್ಲಿ ಎಲ್ಲರಿಗಿಂತ ಮುಂದೆ ಓಡಿತು. ಎರಡು ವರ್ಷದ ನಂತರ ಬಂದಳಿಕೆ ಊರಿನ ಗೆಳೆಯ ಹುಲಿಯಪ್ಪನನ್ನೂ ಅವನೇ ಕರೆದೊಯ್ದು ಸೇರಿಸಿದ. "ನಿನ್ ಕೈಯಾಗೆ ಕೊಟ್ಟೀನಪ್ಪ" ಎಂದಿದ್ದಳು ಹುಲಿಯಪ್ಪನ ತಾಯಿ ಗುಡ್ಡಮ್ಮ.

ಎಂಬತ್ತೆಂಟರಲ್ಲಿ ಇಬ್ಬರನ್ನೂ ಶ್ರೀಲಂಕಾಕ್ಕೆ ಕಳಿಸಿದರು. ಶಾಂತಿ ಕಾಯಲು ಹೋದವರು ಯುದ್ಧದಲ್ಲಿ ಸಿಕ್ಕಿಕೊಂಡರು. ಒಂದು ಸಂಜೆ ತಾಳೆ ತೋಪಿನಲ್ಲಿ ಧರ್ಮಪ್ಪನ ಎಂಟು ಜನರ ತುಕಡಿಯ ಮೇಲೆ ಮೂರು ಕಡೆಯಿಂದ ಗುಂಡು ಹಾರಿತು. ಹುಲಿಯಪ್ಪನ ಎದೆಗೆ ಬಿತ್ತು. ಧರ್ಮಪ್ಪ ಕುತ್ತಿಗೆ ಮುಟ್ಟಿ ನೋಡಿದ, ನಾಡಿ ಇರಲಿಲ್ಲ. ಉಳಿದ ಆರು ಜನರನ್ನಾದರೂ ಉಳಿಸೋಣವೆಂದು ಹಿಂದೆ ಸರಿಯಲು ಹೇಳಿದ. ಮರುದಿನ ಹೋದರೆ ಹೆಣ ಇರಲಿಲ್ಲ. ಕಂಡದ್ದನ್ನು ಅಧಿಕಾರಿಗಳಿಗೆ ತಿಳಿಸಿದ. ಹೆಣ ಸಿಗಲಿಲ್ಲವೆಂದು ಅವರು ಕಾಣೆಯಾದವನೆಂದೇ ಬರೆದುಕೊಂಡರು.

ರಜೆಗೆ ಬಂದಾಗ ಗುಡ್ಡಮ್ಮ ಅವನ ಮುಂದೆ ರೊಟ್ಟಿ ಇಟ್ಟು ಒಂದೇ ಮಾತು ಕೇಳಿದಳು. "ನೀ ಕಂಡ್ಯಾ?"

"ಕಂಡಿಲ್ಲ ಅವ್ವ" ಎಂದುಬಿಟ್ಟ. ಈ ಸುಳ್ಳಿಗಾಗಿ ನನಗೆ ಅವನ ಮೇಲೆ ಬಹಳ ಸಿಟ್ಟಿದೆ. ಆ ರೊಟ್ಟಿಯ ಮುಂದೆ ನಾನು ಕೂತಿದ್ದರೂ ಅದನ್ನೇ ಹೇಳುತ್ತಿದ್ದೆನೋ ಏನೋ.

ಅದೇ ವಾರ ಗುಡ್ಡಮ್ಮ ಮಗನ ಹೆಸರಲ್ಲಿ ಕುಲದೇವರು ಬೀರಪ್ಪನಿಗೆ ಒಂದು ಟಗರು ಮುಡಿಪು ಬಿಟ್ಟಳು. ಮಗ ಮನೆಗೆ ಬರುವ ತನಕ ಅದರ ಉಣ್ಣೆಗೆ ಕತ್ತರಿ ಮುಟ್ಟಿಸುವಂತಿಲ್ಲ. ಅದು ಸತ್ತರೆ ಇನ್ನೊಂದು. ಹುಲಿಯಪ್ಪ ಸತ್ತನೆಂದೇ ತಿಳಿಯಬೇಕೆಂದು ಕೆಲವು ವರ್ಷಗಳ ಮೇಲೆ ಸೈನ್ಯದ ಕಾಗದ ಬಂದರೆ ಅವಳು ಅದನ್ನು ಒಲೆಗೆ ಹಾಕಿದಳು. ಈಗಿರುವುದು ಐದನೆಯ ಟಗರು, ಗುಡ್ಡಮ್ಮನಿಗೆ ಎಂಬತ್ತೈದು.

ಈ ಮಳೆಗಾಲದಲ್ಲಿ ಉಣ್ಣೆ ನೆನೆದು ಟಗರಿಗೆ ಹುಳ ಬಿತ್ತು. ಬೋಳಿಸದಿದ್ದರೆ ಉಳಿಯುವುದಿಲ್ಲ ಎಂದರು ಪಶುವೈದ್ಯರು. ಅಜ್ಜಿ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕಿರಿಯ ಮಗನ ಮಗಳು ಸುಷ್ಮಿತಾ ಧರ್ಮಪ್ಪನಿಗೆ ಫೋನ್ ಮಾಡಿದಳು. "ದೊಡ್ಡಪ್ಪ, ನೀವ್ ಹೇಳಿದ್ರೆ ಮಾತ್ರ ಕೇಳ್ತಾಳ್ರೀ."

ನನ್ನ ಬೈಕಿನ ಹಿಂದೆ ಕೂತು ಬಂದಳಿಕೆಗೆ ಹೊರಟ. ತೋಪಿನ ಕಥೆಯನ್ನು ನನಗೆ ಮೊದಲ ಸಲ ಹೇಳಿದ್ದು ಆ ದಾರಿಯಲ್ಲೇ. "ಇವತ್ತು ಹೇಳೇಬಿಡ್ತೀನಿ" ಎಂದ. ಗುಡ್ಡಮ್ಮನ ಮುಂದೆ ಕೂತು ಹೇಳಿದ ಕೂಡ. ಗುಂಡು, ಎದೆ, ಕುತ್ತಿಗೆ ಮುಟ್ಟಿದ್ದು, ಬಿಟ್ಟು ಬಂದದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಹೇಳುವಾಗ ಅಳುತ್ತಿದ್ದ.

ಗುಡ್ಡಮ್ಮ ಪೂರ್ತಿ ಕೇಳಿಸಿಕೊಂಡಳು. ಸಿಟ್ಟು ಮಾಡಲಿಲ್ಲ.

"ಅವತ್ತು ಕಂಡಿಲ್ಲ ಅಂದಿ. ಇವತ್ತು ಕಂಡೀನಿ ಅಂತೀಯ" ಎಂದಳು. "ಈ ಸುಷ್ಮಿತಾ ಹೇಳಿಕೊಟ್ಟಾಳ ಅಲ್ಲ? ಒಂದು ಟಗರು ಉಳಿಸಾಕೆ ನನ್ ಮಗನ್ನ ಸಾಯಿಸ್ತೀಯೇನಪ್ಪ?"

ಧರ್ಮಪ್ಪ ಆಣೆ ಮಾಡಲು ಕೈ ಚಾಚಿದ. ಅವಳು ಆ ಕೈಗೆ ಬೇವಿನೆಣ್ಣೆಯ ಬಟ್ಟಲು ಕೊಟ್ಟಳು. ಮಧ್ಯಾಹ್ನವೆಲ್ಲ ಅವನು ಒಂದು ಕೂದಲೂ ಕತ್ತರಿಸದೆ, ಉಣ್ಣೆ ಬಿಡಿಸಿ ಬಿಡಿಸಿ ಹುಳ ತೆಗೆದ. ಟಗರು ಏಳಲು ನೋಡಿ ಮತ್ತೆ ಕುಸಿಯಿತು. ಗುಡ್ಡಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಹುಲಿಯಪ್ಪ ಬಂದ ದಿನ ನೀನೇ ಬಂದು ಬೋಳಿಸಪ್ಪ. ಬೇರೆಯೋರು ಬ್ಯಾಡ."

ಜನರಲ್ ತಲೆ ಎತ್ತಲಿಲ್ಲ. "ಹೂಂ ಅವ್ವ" ಎಂದ.