ಅಕ್ಕನಿಗೆ ಏರಿಸಿ ಹಿಡಿದ ಶ್ರುತಿ

ಎಪ್ಪತ್ತೊಂಬತ್ತನೆಯ ಇಸವಿಯ ಬೇಸಿಗೆ. ಒಂದು ಶನಿವಾರ ಬೆಳಗಿನ ಮೊದಲ ಬಸ್ಸಿಗೆ ನ್ಯಾಮತಿ ಬಿಟ್ಟೆ. ಜೊತೆಗೆ ಹಾರ್ಮೋನಿಯಂ ಪೆಟ್ಟಿಗೆ ಇತ್ತು. ಆರು ವರ್ಷದಿಂದ ಮುಖ ನೋಡದ ಅಕ್ಕ ಎಸ್ತೇರಮ್ಮನನ್ನು ಜಗಳೂರಿನಲ್ಲಿ ಕಂಡು, ಒಂದು ತಪ್ಪು ಒಪ್ಪಿಕೊಂಡು ಬರುವುದಿತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆ ತಪ್ಪನ್ನು ಕಾಗದದಲ್ಲಿ ಬರೆಯಲು ಅಕ್ಷರವೂ ಸಾಲದು, ಧೈರ್ಯವೂ ಸಾಲದು.

ಹೊನ್ನಾಳಿಯಲ್ಲಿ ಬಸ್ಸು ಬದಲಿಸಿದೆ. ಚನ್ನಗಿರಿ ಬಸ್ಸಿನ ಕಂಡಕ್ಟರು ಪೆಟ್ಟಿಗೆ ನೋಡಿ, "ನಾಟಕದೋರೇನ್ರೀ?" ಎಂದ.

"ಅಲ್ರೀ, ಚರ್ಚಿನಾಗೆ ಬಾರಿಸ್ತೀನಿ."

"ಸ್ವರ್ಗಕ್ಕೇ ಒಯ್ಯಿರಿ, ಲಗೇಜು ಎಂಟಾಣೆ ಕೊಟ್ಟು ಒಯ್ಯಿರಿ."

ಅಕ್ಕನ ವಿಳಾಸ ಗೊತ್ತಿದ್ದದ್ದು ಚನ್ನಗಿರಿಯಲ್ಲಿದ್ದ ಪಾದ್ರಿಗಳಿಗೆ ಮಾತ್ರ. ನಮ್ಮ ಕಡೆಯ ಸಭೆಗಳನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಟೀ ಕೊಟ್ಟು ಹೇಳಿದರು: "ಜಗಳೂರಿಗೆ ನಾನು ಹೋಗಾದು ತಿಂಗಳಿಗೊಂದು ಸಲ. ಮಿಕ್ಕ ಭಾನುವಾರ ಆರಾಧನೆ ಎಲ್ಲಾ ನಿಮ್ಮಕ್ಕಂದೇ. ಚೆನ್ನಾಗಿ ನಡೆಸ್ತಾರೆ. ಹಾಡು ಮಾತ್ರ ಬೇರೆಯೋರಿಗೆ ಬಿಡ್ತಾರೆ. ಗಂಟಲು ಹೋಗೈತೆ ಅಂತಾರೆ."

ನಾನು ವಿಳಾಸದ ಚೀಟಿ ಇಸಿದುಕೊಂಡು ಎದ್ದೆ.

ದಾವಣಗೆರೆಗೆ ಹೋಗುವಾಗ ಕಿಟಕಿಯಾಚೆ ಸೂಳೆಕೆರೆಯ ನೀರು ಬಹಳ ಹೊತ್ತು ಜೊತೆಗೆ ಬಂತು. ಆರು ವರ್ಷದ ಹಿಂದೆ ನ್ಯಾಮತಿಯ ನಮ್ಮ ಪ್ರಾರ್ಥನಾ ಮನೆಯಲ್ಲಿ ಪಾದ್ರಿಗಳು ಬಾರದ ಭಾನುವಾರ ಅಕ್ಕನೇ ಮೇಜಿನ ಮುಂದೆ ನಿಂತು ಆರಾಧನೆ ನಡೆಸುತ್ತಿದ್ದಳು. ಹಿರಿಯರಿಗೆ ಅದು ಹಿಡಿಸಲಿಲ್ಲ. "ಗಂಡಸಿನ ಜಾಗದಾಗೆ ನಿಮ್ಮಕ್ಕ ನಿಂತ್ರೆ ನಿನಗೇನೋ ಮರ್ಯಾದೆ?" ಎಂದು ನನ್ನನ್ನು ಕೆಣಕಿದರು. ಅಕ್ಕ ಜ್ವರದಿಂದ ಎದ್ದು ಬಂದ ಭಾನುವಾರ ನಾನು ಪೆಟ್ಟಿಗೆಯಲ್ಲಿ ಅವಳ ಶ್ರುತಿಯನ್ನು ಮೂರು ಮನೆ, ಅಂದರೆ ಮೂರು ಕೀಲಿ, ಏರಿಸಿ ಹಿಡಿದೆ. ಹಾಡಿನ ಎತ್ತರದ ಸಾಲಿಗೆ ಹೋಗಿ ಅವಳ ದನಿ ಒಡೆಯಿತು. ಗಂಡಸರ ಚಾಪೆಯಲ್ಲಿ ಯಾರೋ ನಕ್ಕರು. ನಾನು ಬಾರಿಸುತ್ತಲೇ ಇದ್ದೆ. ಜ್ವರಕ್ಕೆ ಗಂಟಲು ಹೋಯಿತೆಂದು ಅವಳು ನಂಬಿದಳು. ತಿಂಗಳೊಳಗೆ ಬಾಲವಾಡಿಯ ಕೆಲಸ ಹಿಡಿದು ಜಗಳೂರಿಗೆ ಹೋದಳು. ಹಿರಿಯರು ನನ್ನನ್ನು ಸಭೆಯ ಕಮಿಟಿಗೆ ಸೇರಿಸಿಕೊಂಡರು.

ಜಗಳೂರು ತಲುಪಿದಾಗ ನಾಲ್ಕು ಗಂಟೆ. ಬಿಸಿಗಾಳಿ ಮುಖಕ್ಕೆ ಧೂಳು ಎರಚುತ್ತಿತ್ತು. ಪ್ರಾರ್ಥನಾ ಮನೆಯ ಪಕ್ಕದ ಕೋಣೆಯಲ್ಲಿ ಅಕ್ಕ ಅಕ್ಕಿ ಆರಿಸುತ್ತಿದ್ದಳು. ತಲೆ ನರೆತಿತ್ತು.

"ಪೆಟ್ಟಿಗೆ ಹೊತ್ಕೊಂಡು ಬಂದೀಯಲ್ಲೋ, ಯಾರದು ಮದುವೆ?" ಎಂದು ನಕ್ಕಳು. ಜೋಳದ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಬಡಿಸಿದಳು. ತಿಂದು ಕೈ ತೊಳೆದವನೇ ಹೇಳಿಬಿಟ್ಟೆ. "ಅಕ್ಕಾ, ನಿನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಆವತ್ತು ಶ್ರುತಿ ನಾನು ಏರಿಸಿದ್ದೆ. ಬೇಕಂತಲೇ."

"ಎಷ್ಟು?"

"ಮೂರು ಮನೆ."

ಮತ್ತೆ ಮೊರ ಹಿಡಿದಿದ್ದವಳ ಕೈ ನಿಂತಿತು. "ಆರು ವರ್ಷ ಅರಿಶಿನದ ಹಾಲು ಕುಡಿದೆ ಕಣೋ" ಎಂದಳು. ಮತ್ತೆ ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದಳು.

ಭಾನುವಾರ ಸೆರಗು ಹೊದ್ದು ಮೇಜಿನ ಮುಂದೆ ನಿಂತಳು. ಮೂವತ್ತು ಜನ ಇದ್ದಿರಬಹುದು. ಅವಳು ಪ್ರಾರ್ಥಿಸುವಾಗ ವಯಸ್ಸಾದ ಗಂಡಸರೂ ಮೊಣಕಾಲೂರಿದರು. ಹಾಡಿನ ಹೊತ್ತಿಗೆ ನಾನು ಪೆಟ್ಟಿಗೆಯ ಚಿಲಕ ತೆಗೆದೆ. "ಪೆಟ್ಟಿಗೆ ಬ್ಯಾಡ" ಎಂದಳು, ಮೆಲ್ಲಗೆ. ಹಾಡನ್ನು ಬೇರೊಬ್ಬ ಹೆಂಗಸು ಎತ್ತಿದಳು.

ಊಟವಾದ ಮೇಲೆ ಬುತ್ತಿ ಕಟ್ಟಿಕೊಟ್ಟಳು. "ಹೋಗಿ ಬರ್ತೀನಕ್ಕ" ಎಂದೆ. "ಹೂಂ" ಎಂದಳು. ಮತ್ತೆ ಬಾ ಎನ್ನಲಿಲ್ಲ.

ಬೀದಿಯ ತಿರುವಿನಲ್ಲಿ ಪೆಟ್ಟಿಗೆ ಇಳಿಸಿ ಹೆಗಲು ಬದಲಿಸುವಾಗ ಪ್ರಾರ್ಥನಾ ಮನೆಯಿಂದ ದನಿ ಕೇಳಿತು. ಅಕ್ಕ ಒಬ್ಬಳೇ, ತನ್ನದೇ ಶ್ರುತಿಯಲ್ಲಿ, ತಡವರಿಸಿ ಹಾಡುತ್ತಿದ್ದಳು. ನನಗೇ ತಿಳಿಯದೆ ಹಿಂದಕ್ಕೆ ಬಂದು ಕಿಟಕಿಯ ಎದುರು ನಿಂತೆ. ಅವಳು ನನ್ನನ್ನು ಕಂಡು ನಿಲ್ಲಿಸಿದಳು. ಸಿಟ್ಟೇನೂ ಇರಲಿಲ್ಲ. ನಾನು ಹೋಗಲಿ ಎಂದು ಕಾದಳು, ಅಷ್ಟೆ.

ಪೆಟ್ಟಿಗೆ ಹೊತ್ತು ಹೋದೆ. ಬಸ್ಸು ಹೊರಡಲು ನಿಂತಿತ್ತು. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳುವಂತಿರಲಿಲ್ಲ. ಆದರೂ ಊರು ದಾಟುವವರೆಗೆ ತಲೆಯನ್ನು ಕಿಟಕಿಯ ಹೊರಗಿಟ್ಟೇ ಕೂತಿದ್ದೆ.