ಇಂಗು ಹಾಕಿದ ಗಾಳ

ಮೀನಿಗೂ ನನಗೂ ಇದ್ದ ಪರಿಚಯ ಮೀನಮೇಷ ಎಣಿಸುವಷ್ಟರದು. ಮೈಸೂರಿನ ಸಸ್ಯಾಹಾರಿ ಮನೆಯಲ್ಲಿ ಹುಟ್ಟಿ, ಈ ದ್ವೀಪದೇಶಕ್ಕೆ ಬಂದು ಟುವಾಸ್‌ನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಪಂಪುಗಳನ್ನು ನೋಡಿಕೊಂಡ ನಾನು ಗಾಳ ಮುಟ್ಟಿದವನೇ ಅಲ್ಲ. ಎಣಿಸುವುದರಲ್ಲಿ ಮಾತ್ರ ನಿಸ್ಸೀಮ. ರಾಶಿಚಕ್ರದಲ್ಲಿ ಮೀನ ಕೊನೆಯದು, ಮೇಷ ಮೊದಲನೆಯದು. ಎರಡೂ ಅಕ್ಕಪಕ್ಕದ ಮನೆಯವು. ನಡುವೆ ಎಣಿಸಲು ಏನೂ ಇಲ್ಲ. ಆದರೂ ನನ್ನಂಥವರು ಅಷ್ಟು ದಾಟುವುದಕ್ಕೆ ಒಂದು ತಿಂಗಳು ತೆಗೆದುಕೊಳ್ಳುತ್ತೇವೆ.

ಈ ಸಲ ನಾನು ಎಣಿಸುತ್ತಿದ್ದದ್ದು ಮಗಳ ಬಳಿ ಕ್ಷಮೆ ಕೇಳುವುದಕ್ಕೆ. ಅನಘಾ ಓದಿದ್ದು ಜೀವಶಾಸ್ತ್ರ, ಸೇರಿದ್ದು ಬ್ಯಾಂಕು. ಸ್ನೇಹಿತರ ಜೊತೆ ಮೀನು ಹಿಡಿಯುವ ಹವ್ಯಾಸ ಹತ್ತಿತು. ಹಿಡಿದದ್ದನ್ನು ನೀರಿಗೇ ಬಿಟ್ಟು ಬರುತ್ತಿದ್ದಳು, ಆದ್ದರಿಂದ ನಾನೂ ಸುಮ್ಮನಿದ್ದೆ. ಒಂದು ದಿನ ಬ್ಯಾಂಕು ಬಿಟ್ಟೆ ಎಂದಳು. ಮೀನು ಸಾಕುವ ಫಾರ್ಮಿನಲ್ಲಿ ಅವುಗಳ ಆರೋಗ್ಯ ನೋಡಿಕೊಳ್ಳುವ ಕೆಲಸವಂತೆ. ಊಟದ ಟೇಬಲ್ಲಿನಲ್ಲಿ ನನ್ನ ಬಾಯಿಂದ ಎರಡು ಮಾತು ಬಂತು. "ದಿನಾ ಆ ವಾಸನೆ ಹೊತ್ಕೊಂಡು ಮನೆಗೆ ಬರ್ತೀಯಾ?" ಎಂಬುದು ಒಂದು. "ಜನ ಕೇಳಿದ್ರೆ ಏನಂತ ಹೇಳ್ಲಿ?" ಎಂಬುದು ಇನ್ನೊಂದು. ಅಂದಿನಿಂದ ಅವಳು ನನ್ನ ಜೊತೆ ಆಡಿದ್ದೆಲ್ಲ ಬರೀ "ಹೂಂ". ಮನೆಯಲ್ಲಿ ಒಬ್ಬಳೇ ಮಗಳು ಹೂಂಗುಟ್ಟಲು ಶುರುಮಾಡಿದರೆ ಬಿಶಾನ್‌ನ ನಮ್ಮ ಪುಟ್ಟ ಫ್ಲ್ಯಾಟು ಎಷ್ಟು ದೊಡ್ಡದಾಗಿಬಿಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಸೆಂಬವಾಂಗ್ ಕಡೆ ಅವಳು ಮೀನು ಹಿಡಿಯಲು ಹೋಗುತ್ತಿದ್ದ, ಸಮುದ್ರಕ್ಕೆ ಚಾಚಿದ ಒಂದು ಜೆಟ್ಟಿ ರಿಪೇರಿಗೆಂದು ಬಹಳ ದಿನ ಮುಚ್ಚಿತ್ತು. ಅದು ಮತ್ತೆ ತೆರೆಯುವ ಭಾನುವಾರ ನಾನೂ ಬರುತ್ತೇನೆ ಎಂದೆ. "ಹೂಂ" ಎಂದಳು. ಅವಳಿಗೆ ದೊಡ್ಡ ಮೀನು ಸಿಗಬೇಕು, ಮುಖ ಅರಳಬೇಕು, ಆಗ ಮಾತು ತೆಗೆಯಬೇಕು ಎಂಬುದು ನನ್ನ ಯೋಜನೆ. ಸೀಗಡಿ ಚೂರು ಮುಟ್ಟಲಾರದವನು ಆ ಬೆಳಗ್ಗೆ ಎದ್ದು ಗಾಳಕ್ಕೆ ಸಿಕ್ಕಿಸಲು ಚಪಾತಿ ಹಿಟ್ಟು ಕಲಸಿದೆ. ಮೀನಿಗೆ ಘಮ ಬೇಕು ಎಂದು ಎಲ್ಲೋ ಓದಿದ್ದರಿಂದ ಅದಕ್ಕೆ ಧಾರಾಳವಾಗಿ ಇಂಗು ಹಾಕಿದೆ. ಡಬ್ಬದ ಮುಚ್ಚಳ ತೆಗೆದರೆ ಸಾರಿನ ಮನೆಯ ಪರಿಮಳ.

ಮೊದಲ ದಿನವೆಂದು ಇಡೀ ದ್ವೀಪವೇ ಅಲ್ಲಿಗೆ ಬಂದಂತಿತ್ತು. ಕಂಬಿಯುದ್ದಕ್ಕೂ ಒರಗಿ ನಿಂತ ಜನ, ಒಬ್ಬರ ದಾರಕ್ಕೆ ಇನ್ನೊಬ್ಬರ ದಾರ ಸಿಕ್ಕು. ಒಂಬತ್ತಾಯಿತು, ಹನ್ನೊಂದಾಯಿತು, ಬಿಸಿಲು ತಲೆಗೇರಿತು. ಯಾರಿಗೂ ಏನೂ ಸಿಗಲಿಲ್ಲ. ಪಕ್ಕದಲ್ಲಿದ್ದ ಚೀನೀ ಅಂಕಲ್ ನನ್ನ ಡಬ್ಬದ ಕಡೆ ಒಮ್ಮೆ ನೋಡಿ ಮೂಗು ಮುರಿದು, "ಟುಡೇ ನೋ ಫಿಶ್ ಲಾ. ಟೂ ಮೆನಿ ಪೀಪಲ್, ಫಿಶ್ ಆಲ್ಸೋ ಸ್ಕೇರ್ಡ್" ಎಂದು ಇಲ್ಲಿಯವರ ಇಂಗ್ಲಿಷಿನಲ್ಲಿ ಹೇಳಿ ಸಾಮಾನು ಕಟ್ಟಿದರು. ಇಂಗನ್ನು ಮೀನು ತಿನ್ನಲಿಲ್ಲ. ಇಂಗು ತಿಂದ ಮಂಗನ ಹಾಗೆ ಕುಳಿತವನು ನಾನು. ಮೀನವೇ ಬರದ ಮೇಲೆ ಬರೀ ಮೇಷವನ್ನು ಎಷ್ಟೆಂದು ಎಣಿಸುವುದು?

ಅನಘಾ ದಾರ ಸುತ್ತತೊಡಗಿದಳು. ಇನ್ನು ತಡೆಯಲಾಗಲಿಲ್ಲ.

"ಆವತ್ತು ನಾನು ಹೇಳಿದ್ದು ತಪ್ಪು ಕಣೇ."

ಅವಳು ತಲೆ ಎತ್ತದೆ, "ಯಾವ್ದು? ಎರಡು ಹೇಳಿದ್ದೆ ನೀನು" ಎಂದಳು.

ಕ್ಷಮೆಯಲ್ಲೂ ಇಂಥ ಲೆಕ್ಕಾಚಾರ ಇರುತ್ತದೆಂದು ನಾನು ಯೋಚಿಸಿರಲಿಲ್ಲ. ಎರಡೂ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಸುಳ್ಳಾಗುತ್ತಿತ್ತು. "ವಾಸನೆದು ಪೂರ್ತಿ ತಪ್ಪು. ಜನ ಅಂದಿದ್ದು... ಅದರ ಭಯ ನಂಗಿನ್ನೂ ಹೋಗಿಲ್ಲ" ಎಂದೆ. ಹೇಳುವಾಗ ನಾಚಿಕೆಯಾಯಿತು.

"ಓಕೆ ಲಾ. ಅಟ್‌ಲೀಸ್ಟ್ ಆನೆಸ್ಟ್ ಆಗಿದೀಯ" ಎಂದಳು. ಒಂದು ತಿಂಗಳಲ್ಲಿ ಅವಳಾಡಿದ ಅತಿ ದೊಡ್ಡ ಭಾಷಣ ಅದು.

ವಾಪಸು ಎಂಆರ್‌ಟಿ ರೈಲಿನಲ್ಲಿ ಕುಳಿತಿದ್ದಾಗ ಮೈಸೂರಿನಿಂದ ನನ್ನಕ್ಕನ ಫೋನು, ಪ್ರತಿ ಭಾನುವಾರದಂತೆ. ನಾನು ಜನ ಎಂದಾಗಲೆಲ್ಲ ಕಣ್ಣ ಮುಂದೆ ಬರುತ್ತಿದ್ದದ್ದು ಈ ಅಕ್ಕನೇ. ಅನಘಾ ಬ್ಯಾಂಕಿನಲ್ಲಿ ಹೇಗಿದ್ದಾಳೆ ಎಂದು ಕೇಳಿದಳು. ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ಕಿವಿ ಮಾತ್ರ ಇಲ್ಲೇ ಇತ್ತು.

"ಬ್ಯಾಂಕ್ ಬಿಟ್ಳಕ್ಕ. ಈಗ ಮೀನು ಸಾಕೋ ಫಾರ್ಮಲ್ಲಿ ಕೆಲಸ. ಮೀನಿಗೆ ಕಾಯಿಲೆ ಬಂದ್ರೆ ಇವಳೇ ನೋಡ್ಬೇಕು."

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ. ಅಕ್ಕ ಕೇಳಿದಳು: "ನೀರಲ್ಲೇ ಇರತ್ತಲ್ಲೋ, ಅದಕ್ಕೂ ಜ್ವರ ಬರತ್ತಾ?"

ನನಗೆ ಗೊತ್ತಿರಲಿಲ್ಲ. ಒಂದು ತಿಂಗಳಲ್ಲಿ ಮಗಳ ಬಳಿ ಇದನ್ನು ಕೇಳಬೇಕೆಂದು ನನಗೆ ತೋಚಿರಲೂ ಇಲ್ಲ. ಫೋನನ್ನು ಅವಳ ಕೈಗೆ ಕೊಟ್ಟು, ಉತ್ತರ ಏನು ಬರುತ್ತದೋ ಎಂದು ನಾನೂ ಕಿವಿಗೊಟ್ಟು ಕುಳಿತೆ.